ಆನೆಕೆರೆಯ ದಡದಲ್ಲಿ

ಗೊಮ್ಮಟಮೂರ್ತಿಯು 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದಲ್ಲಿ ಆನೆಕೆರೆಯೆಂಬ ಪುರಾತನ ಕೆರೆಯೊಂದುಂಟು. ಅದರ ನಡುವೆ ಒಂದು ಬಸದಿಯಿರುವುದು. ಅರಸರ ಆನೆಗಳು ಅಲ್ಲಿ ಮೀಯುತ್ತಿದ್ದುವೆಂದು ಹಿರಿಯರು ಹೇಳುವರು. ಮಳೆಗಾಲವು ಕಳೆದ ತರುವಾಯ ನಾವು ನಮ್ಮ ಉಪಾಧ್ಯಾಯಿನಿಯವರೊಡನೆ ಅಲ್ಲಿಗೆ ಹೋದೆವು. ದಡದಲ್ಲಿ ಬುತ್ತಿಯನ್ನುಂಡು, ಪಾತ್ರೆಗಳನ್ನು ಸೋಪಿನ ಪುಡಿಯಿಂದ ಕೆರೆಯಲ್ಲಿಯೇ ತೊಳೆದೆವು. ಅಂಚಿನ ಹಸುರು ನೀರನ್ನು ಕಂಡು, “ಎಷ್ಟು ಚೆಲುವು!” ಎಂದೆವು.

ಆಗ ಅವರು ಬಿಳಿಯ ತಟ್ಟೆಯೊಂದನ್ನು ದಾರದಿಂದ ನೀರಿಗಿಳಿಸಿದರು. ಒಂದು ಮೊಳ ಇಳಿಯುವುದರೊಳಗೆ ಅದು ಕಣ್ಮರೆಯಾಯಿತು. ಆ ಹಸುರು ಚೆಲುವಲ್ಲ, ರೋಗದ ಗುರುತೆಂದು ಅವರು ತಿಳಿಸಿದರು. ಪಾಚಿಯು ಮಿತಿಮೀರಿದರೆ ತಳದ ಗಿಡಗಳು ಬೆಳಕಿಲ್ಲದೆ ಸಾಯುವುವು. ಅದು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವು ತೀರಿ, ಮೀನುಗಳು ಉಸಿರುಗಟ್ಟುವುವು.

“ಪಾಚಿಗೆ ಉಣಬಡಿಸುವವರು ಯಾರಮ್ಮಾ?” ಎಂದು ಕೇಳಿದೆವು. ಅವರು ಮಾತಾಡದೆ ನಮ್ಮ ಪಾತ್ರೆಗಳ ಕಡೆಗೆ ನೋಡಿದರು. ಎಂಜಲಿನಲ್ಲಿಯೂ ಕೆಲವು ಸೋಪಿನ ಪುಡಿಗಳಲ್ಲಿಯೂ ಇರುವ ರಂಜಕವು ಪಾಚಿಗೆ ಗೊಬ್ಬರವಂತೆ! ನಾವು ತಲೆತಗ್ಗಿಸಿದೆವು.

ಅನ್ನಕ್ಕಾಗಿ, ನೀರಿಗಾಗಿ ದಿನವೂ ದೇವರನ್ನು ಸ್ತುತಿಸುವ ನಾವು, ಅಂದಿನಿಂದ ಪಾತ್ರೆ ತೊಳೆದ ನೀರನ್ನು ಯಾವ ಕೆರೆಗೂ ಚೆಲ್ಲಿದುದಿಲ್ಲ.