ಕದಡಿದ ನೀರಲ್ಲಿ ಚಬ್ ಮೀನು
ಮಾರ್ಚ್ 14. ಇಂಗ್ಲೆಂಡಿನ ನದಿಗಳಲ್ಲಿ ಗಾಳ ಹಾಕೋಕೆ ಇದೇ ಕೊನೇ ದಿನ, ಆಮೇಲೆ ಜೂನ್ 16ರವರೆಗೆ ಕಾಯಬೇಕು. ರೆಡಿಂಗ್ ಪಕ್ಕದ ಲಾಡನ್ ನದಿ ಮಳೆಗೆ ತುಂಬಿ, ಹಾಲು ಹಾಕಿದ ಚಹಾ ಥರ ಆಗಿತ್ತು. ಇಂಥ ನೀರಲ್ಲಿ ಮೀನಿಗೆ ಕಣ್ಣಿಗಿಂತ ವಾಸನೆಯೇ ದಾರಿ. ಅದಕ್ಕೇ ಬ್ರೆಡ್ಡಿಗೆ ನಾರುವ ಚೀಸ್ ಕಲಸಿ ಉಂಡೆ ಕಟ್ಟಿದ್ದೆ. (ನಮ್ಮ ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಉಂಡೆ ಹಾಕ್ತಿದ್ರಲ್ಲ, ಹಾಗೆ. ಎರಡೂ ದೂರದ ಸಂಬಂಧಿ ಮೀನುಗಳು ಬೇರೆ!)

ಸೆಳವು ಬಿಟ್ಟು, ಮರದ ಬೇರಿನ ಪಕ್ಕ ನಿಂತಂತಿದ್ದ ನೀರಿಗೆ ಎಸೆದು ಕೂತೆ. ಐದು ಗಂಟೆ ಬರೀ ಕೊಂಬೆ, ಕಸ. ಬೆರಳು ಮರಗಟ್ಟಿದ್ವು. ಕತ್ತಲಾಗೋ ಹೊತ್ತಿಗೆ ಕೋಲಿನ ತುದಿ ಎರಡು ಸಲ ಅಲುಗಿ, ಬಾಗೇಬಿಡ್ತು. ಬೇರಿನೊಳಗೆ ನುಗ್ಗಿದರೆ ದಾರ ತುಂಡು. ಬಿಗಿಯಾಗಿ ಹಿಡಿದೆ.

ತೂಗಿದರೆ ಐದು ಪೌಂಡ್ ಎರಡು ಔನ್ಸ್! ದಪ್ಪ ಬಿಳಿ ತುಟಿ, ಹಿತ್ತಾಳೆ ಬಣ್ಣದ ಮೈ. ನೀರಲ್ಲಿ ಹಿಡ್ಕೊಂಡೆ, ಸುಧಾರಿಸಿಕೊಂಡು ತಾನೇ ಜಾರಿ ಹೋಯ್ತು.

"ಬಿಟ್ಟುಬಿಟ್ಯಾ? ಸಾರು ಮಾಡ್ಬಹುದಿತ್ತಲ್ಲೋ" ಅಂದ್ರು ಅಮ್ಮ, ಮರುದಿನ ಫೋನಲ್ಲಿ.