ಕಿರುಚುವ ಬ್ರೇಕು

ಹೊಸ ಪ್ಯಾಡ್ ಹಾಕಿಸಿಕೊಂಡು ಬಂದ ಮರುದಿನವೇ ಕಿರುಚತೊಡಗಿದ ಕಾರು ಕಣ್ಣಿಗೆ ಬಿದ್ದರೆ, ಚಕ್ರ ಬಿಚ್ಚಿ ನೋಡುವವರೆಗೂ ನನಗೆ ಊಟ ರುಚಿಸುವುದಿಲ್ಲ. ಕಳೆದ ವಾರ ತೀರ್ಥಹಳ್ಳಿಯಿಂದ ಬಂದ ಭಾವನ ಕಾರು ಗೇಟಿನ ಹತ್ತಿರ ನಿಧಾನ ಮಾಡುವಾಗಲೇ ಆ ಸದ್ದು ಹೊರಡಿಸಿತು. "ಗ್ಯಾರೇಜಿನೋರು ಸೆಟ್ ಆಗತ್ತೆ ಅಂದಿದಾರೆ ಮಾರಾಯ" ಅಂದರು ಭಾವ. ನಾನು ಆಗಲೇ ಜಾಕ್ ಹುಡುಕುತ್ತಿದ್ದೆ.

ಸೆಟ್ ಆಗುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ. ಹೊಸ ಪ್ಯಾಡಿನ ಮೈ ಹಳೆಯ ಡಿಸ್ಕಿಗೆ ಹೊಂದಬೇಕು, ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಅದಕ್ಕೆ ಖಾಲಿ ರಸ್ತೆ ಹಿಡಿದು 50–60 ಕಿ.ಮೀ. ವೇಗದಿಂದ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸಿ, ನಡುನಡುವೆ ಆರಲು ಬಿಟ್ಟು, ಹತ್ತಿಪ್ಪತ್ತು ಸಲ ಓಡಿಸಬೇಕು. ಇದನ್ನು ಗಿರಾಕಿಗೆ ಹೇಳುವವರೇ ಇಲ್ಲ. ಅದಿರಲಿ. ಒಳಗೆ ತುಕ್ಕು ಕೂತಿದ್ದರೆ, ಕ್ಲಿಪ್ ಬಾಗಿದ್ದರೆ, ಪಿನ್ ಒಣಗಿದ್ದರೆ ಯಾವ ಕಾಲಕ್ಕೂ ಸೆಟ್ ಆಗುವುದಿಲ್ಲ. ಅಂಥ ಕಡೆ ಈ ಮಾತು ಕೆಲಸ ತಪ್ಪಿಸಿಕೊಳ್ಳುವ ದಾರಿ, ಅಷ್ಟೆ.

ಹೊಸ ಪ್ಯಾಡು ಕಿರುಚುವುದು ಸವೆತದಿಂದಲ್ಲ, ನಡುಕದಿಂದ. ಪ್ಯಾಡು ಡಿಸ್ಕನ್ನು ಒಂದೇ ಸಮ ಹಿಡಿಯದೆ, ಹಿಡಿದು ಜಾರಿ ಹಿಡಿದು ಜಾರಿ, ಸೆಕೆಂಡಿಗೆ ಸಾವಿರಾರು ಸಲ ಅದುರುತ್ತದೆ. ಆ ಅದುರುವಿಕೆ ಡಿಸ್ಕಿಗೆ ದಾಟಿದರೆ ಇಡೀ ಡಿಸ್ಕು ಜಾಗಟೆಯಾಗುತ್ತದೆ. ನಮ್ಮ ಕಿವಿ ಬಹಳ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ಒಳಗಿನ ಸದ್ದಿಗೆ. ಬ್ರೇಕಿನ ಕಿರುಚಾಟ ಎಷ್ಟೋ ಸಲ ಸರಿಯಾಗಿ ಅಲ್ಲಿಗೇ ಬಂದು ಬೀಳುತ್ತದೆ. ಮೂಲ ಆ ಅದುರುವಿಕೆಯೇ ಆದ್ದರಿಂದ ಪ್ಯಾಡು ತನ್ನ ಜಾಗದಲ್ಲಿ ಹೇಗೆ ಕೂತಿದೆ ಅನ್ನುವುದರಲ್ಲೇ ಎಲ್ಲ ಇದೆ.

ನನಗೆ ಅತ್ಯಂತ ಖುಷಿ ಕೊಡುವ ಕೆಲಸ ಇರುವುದೂ ಅಲ್ಲೇ. ಪ್ಯಾಡಿನ ಎರಡು ಕಿವಿಗಳು ಕೂರುವ ಕಡೆ ಬೆರಳಗಲದ ಸ್ಟೀಲ್ ಕ್ಲಿಪ್ ಇರುತ್ತದೆ. ಭಾವನ ಕಾರಿನಲ್ಲಿ ಹಳೆಯ ಕ್ಲಿಪ್ಪನ್ನೇ ಬಿಟ್ಟಿದ್ದರು. ಎಬ್ಬಿಸಿದರೆ ಅಡಿಯಲ್ಲಿ ತುಕ್ಕು ಚಕ್ಕೆಚಕ್ಕೆಯಾಗಿ ಉಬ್ಬಿ, ಕ್ಲಿಪ್ಪನ್ನು ಪ್ಯಾಡಿನ ಕಡೆಗೆ ತಳ್ಳಿತ್ತು. ಒಳಗಿನ ಪ್ಯಾಡು ಸುತ್ತಿಗೆಯಿಂದ ತಟ್ಟದೆ ಹೊರಗೆ ಬರಲಿಲ್ಲ. ಹಳೆಯ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕ್ಲಿಪ್ ಕೂರುವ ಆ ಜಾಗವನ್ನು ಕೆರೆಯಬೇಕು, ಮೂಲೆಯ ಕೊನೆಯ ಚಕ್ಕೆಯೂ ಹೋಗಿ ಕಬ್ಬಿಣ ಬೂದುಬಣ್ಣಕ್ಕೆ ತಿರುಗುವವರೆಗೆ. ಆಮೇಲೆ ವೈರ್ ಬ್ರಷ್, ಹೊಸ ಕ್ಲಿಪ್. ಈಗ ಪ್ಯಾಡು ಹೆಬ್ಬೆರಳಿನಲ್ಲಿ ಒತ್ತಿದರೆ ಜಾರಬೇಕು, ಬಿಟ್ಟರೆ ಅಲುಗಾಡಬಾರದು. ಆ ಹದ ಬೆರಳಿಗೆ ಸಿಕ್ಕ ಗಳಿಗೆಯ ಸಂತೋಷ ದೊಡ್ಡದು. ಉಳಿದದ್ದು ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು. ಅದಕ್ಕೆ ಬ್ರೇಕಿನದೇ ಸಿಲಿಕೋನ್ ಗ್ರೀಸ್ ಆಗಬೇಕು, ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ತಾಗಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ.

ಎಮರಿ ಕಾಗದದವರ ಜೊತೆ ನನ್ನ ಜಗಳ ಹಳೆಯದು. ಸದ್ದು ಅಂದ ಕೂಡಲೇ ಪ್ಯಾಡು ತೆಗೆದು ಎಮರಿಗೆ ನಾಲ್ಕು ಸಲ ತಿಕ್ಕಿ ಮತ್ತೆ ಹಾಕಿ ಕಳಿಸುತ್ತಾರೆ. ಕಾದು ಗಾಜಿನಂತೆ ನುಣುಪಾದ ಮೇಲ್ಮೈ ಹೋಗಿ ಸ್ವಲ್ಪ ದಿನ ಸುಮ್ಮನಿರುತ್ತದೆ, ನಿಜ. ಕಾಯುವುದಕ್ಕೆ ಕಾರಣವಾದ ಹಿಡಿದ ಪಿನ್ನು ಹಾಗೇ ಇದೆಯಲ್ಲ! ಇವರಾದರೂ ಪರವಾಗಿಲ್ಲ. ಸದ್ದು ನಿಲ್ಲಲಿ ಅಂತ ಡಿಸ್ಕಿಗೆ ಎಣ್ಣೆ ತಾಗಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸದ್ದೂ ಹೋಯಿತು, ಬ್ರೇಕೂ ಹೋಯಿತು. ಆ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಗುಂಬೆಯ 14 ಹೇರ್‌ಪಿನ್ ತಿರುವು ಇಳಿಯುವವನಿಗೆ ಯಾರು ಜವಾಬ್ದಾರರು? ಇಂಥವರ ಕೈಯಿಂದ ಪಾನಾ ಕಿತ್ತುಕೊಳ್ಳಬೇಕು.

ಬ್ರೇಕಿನ ಸದ್ದು ಡಿಸ್ಕಿನಷ್ಟೇ ಹಳೆಯದು. ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅವರ ಪ್ಯಾಡುಗಳು ತಾಮ್ರದವು. ಲೋಹಕ್ಕೆ ಲೋಹ ಉಜ್ಜಿ ಹೊರಟ ಕಿರುಚಾಟವನ್ನು ಸಹಿಸುವುದೇ ಕಷ್ಟವಾಯಿತು. ಅದೇ ದೇಶದ ಹರ್ಬರ್ಟ್ ಫ್ರೂಡ್ ಕಲ್ನಾರಿನ ಲೈನಿಂಗ್ ತಂದು ಆ ಸದ್ದನ್ನು ತಗ್ಗಿಸಿದರು. ಕಿವಿಗೆ ನೆಮ್ಮದಿಯಾಯಿತು, ಆದರೆ ಕಲ್ನಾರಿನ ಧೂಳು ಕೆಲಸಗಾರರ ಎದೆಗೂಡಿಗೆ ಇಳಿಯಿತು. ಅದು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಈಗ ಅನುಮಾನವೇ ಇಲ್ಲ.

ಈಗಿನ ಒಳ್ಳೆಯ ಪ್ಯಾಡುಗಳಲ್ಲಿ ಕಲ್ನಾರಿಲ್ಲ, ಡಬ್ಬದ ಮೇಲೆ ಹಾಗೆಂದು ಬರೆದೂ ಇರುತ್ತಾರೆ. ಆದರೂ ಹಳೆಯ ಗಾಡಿಯ ಡ್ರಮ್ಮಿನೊಳಗೆ ಏನಿದೆಯೋ ಬಿಚ್ಚುವವನಿಗೆ ಗೊತ್ತಿರುವುದಿಲ್ಲ, ಮತ್ತು ಯಾವ ಬ್ರೇಕಿನ ಧೂಳೂ ಉಸಿರಾಡುವಂಥದ್ದಲ್ಲ. ಹೀಗಿದ್ದೂ ಚಕ್ರ ಬಿಚ್ಚಿದ ಕೂಡಲೇ ಕಂಪ್ರೆಸರ್ ಪೈಪು ಹಿಡಿದು ಬುಸ್ಸೆಂದು ಊದುವುದು ನಿಂತಿಲ್ಲ. ಕರಿಯ ಮೋಡ ಏಳುತ್ತದೆ, ಅದರ ನಡುವೆ ಮೂಗಿಗೆ ಒಂದು ಬಟ್ಟೆಯೂ ಇಲ್ಲದೆ ಕೆಲಸ ಕಲಿಯಲು ಬಂದ ಹುಡುಗ ಕೂತಿರುತ್ತಾನೆ. ಸೋಪಿನ ನೀರಲ್ಲಿ ನೆನೆಸಿದ ಬ್ರಷ್ಷು, ಕೆಳಗೊಂದು ಹಳೆ ಟ್ರೇ ಇದ್ದರೆ ಈ ಕೆಲಸ ಮುಗಿಯುತ್ತದೆ. ನಾನು ಈಗ ಯಾವ ಗ್ಯಾರೇಜಿಗೆ ಹೋದರೂ, ಪೈಪಿಗೆ ಕೈಹಾಕುವ ಮೊದಲೇ ಒಂದು ಬಕೆಟ್ ನೀರು ತರಿಸುತ್ತೇನೆ.