ಚೌಕಿಮನೆ

ಕಟಪಾಡಿಯ ನಮ್ಮ ಚೌಕಿಮನೆಯನ್ನು ಕೆಡಹಬೇಕೆಂದು ದಾಯಾದಿಗಳೆಲ್ಲರೂ ನಿಶ್ಚಯಿಸಿರುವರು. ಹಲಸಿನ ಕಂಬಗಳಿಗೆ ವ್ಯಾಪಾರಿಯೊಬ್ಬನು ಬೆಲೆಯನ್ನೂ ಕಟ್ಟಿ ಹೋಗಿರುವನು. ನನ್ನ ರುಜುವೊಂದೇ ಬಾಕಿ. ಇಂತಿರಲಾಗಿ ತಮ್ಮನ ಮಗನು, “ದೊಡ್ಡಪ್ಪ, ಒಮ್ಮೆ ನೋಡಿ ಬನ್ನಿ” ಎಂದು ನನ್ನನ್ನು ಮಣಿಪಾಲದ ಪರಂಪರಾ ಗ್ರಾಮಕ್ಕೆ ಕರೆದೊಯ್ದನು.

ಅದು ವಿಜಯನಾಥ ಶೆಣೈ ಅವರು ಕಟ್ಟಿದ್ದು. ಬ್ಯಾಂಕಿನ ನೌಕರರಾಗಿದ್ದ ಅವರು 2017ರಲ್ಲಿ ತೀರಿಕೊಂಡರು. ಬೀಳಲಿದ್ದ ಮನೆಗಳ ತೊಲೆ, ಕಂಬ, ಬಾಗಿಲವಾಡಗಳಿಗೆ ಅಂಕೆಯಿಟ್ಟು ಕಳಚಿ, ಹೊತ್ತುತಂದು, ಅದೇ ಕ್ರಮದಲ್ಲಿ ಮತ್ತೆ ಜೋಡಿಸಿರುವರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ದೂರದ ಕುಕನೂರಿನ ಕಮಲ ಮಹಲು ಎಲ್ಲವೂ ಅಲ್ಲಿ ನೆರೆಹೊರೆಯಾಗಿವೆ. ಇದು ವಿಚಿತ್ರವಾದ ನೆರೆಯೇ ಸರಿ!

ಕುಂಜೂರಿನ ಮನೆಯ ತಗ್ಗುಬಾಗಿಲಲ್ಲಿ ನನ್ನ ತಲೆ ತಾನಾಗಿಯೇ ಬಾಗಿತು. ಆದರೆ ಒಲೆಯ ಹೊಗೆಯ ವಾಸನೆಯಿಲ್ಲ. ನಮ್ಮ ಹಿರಿಯರ ಮಾಡುಗಳನ್ನು ಹುಳುಗಳಿಂದ ಕಾದದ್ದು ಆ ಹೊಗೆಯೇ. ವಾಸವಿಲ್ಲದ ಮನೆಯು ಮನೆಯೆಂತಾದೀತು ಎಂಬ ಆಕ್ಷೇಪವು ನಾಲಗೆಯ ತುದಿಗೆ ಬಂದಿತು. ನಮ್ಮ ಮನೆಯಲ್ಲಿಯೂ ಒಲೆ ಹೊತ್ತಿ ಮೂರು ವರ್ಷಗಳಾದುವೆಂಬುದು ನೆನಪಾಗಿ ಸುಮ್ಮನಾದೆನು. ದೇವಾಲಯಕ್ಕಾದರೆ ಜೀರ್ಣೋದ್ಧಾರವೆಂಬ ವಿಧಿಯುಂಟು. ಗೃಹಸ್ಥನ ಮನೆಗೆ ಅಂತಹ ವಿಧಿಯನ್ನು ಪಾಠಶಾಲೆಯಲ್ಲಿ ನನಗಾರೂ ಕಲಿಸಲಿಲ್ಲ.

ಮರುದಿನ ಪ್ರಾತಃಕಾಲದಲ್ಲಿ ಹಳೆಯ ಸೀಮೆಸುಣ್ಣವನ್ನು ಹುಡುಕಿ ತೆಗೆದು, ಮೂಡುಚಾವಡಿಯ ಕಂಬದಿಂದ ಅಂಕೆ ಬರೆಯತೊಡಗಿದೆನು. ಮಾರುವುದಾದರೂ ಒಟ್ಟಾಗಿ, ಒಬ್ಬನಿಗೇ ಮಾರತಕ್ಕದ್ದು ಎಂದು ದಾಯಾದಿಗಳಿಗೆ ಕಾಗದ ಬರೆದಿರುವೆನು. ಉತ್ತರವು ಇನ್ನೂ ಬಂದಿಲ್ಲ. ರುಜುವನ್ನೂ ನಾನು ಹಾಕಿಲ್ಲ.